ಸೆಕೆಂಡ್ ಹ್ಯಾಂಡ್ ಫೋಮ್ ಕಟಿಂಗ್ ಮೆಷಿನ್ ತೆಗೆದುಕೊಳ್ಳಬಹುದಾ? ಕುಶನ್ ಕೆಲಸದವರು ದಯವಿಟ್ಟು ಹೇಳಿ

ಶಿವಮೊಗ್ಗ ಕುಶನ್

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಇಬ್ಬರೂ ಸೇರಿ ಶಿವಮೊಗ್ಗದಲ್ಲಿ ಸೋಫಾ ರಿಪೇರಿ, ಕುಶನ್ ಕೆಲಸ ಮಾಡುತ್ತೇವೆ. ಹೊಲಿಗೆ ನನ್ನದು. ಫೋಮ್ ಕೊಯ್ಯುವುದು, ಫ್ರೇಮಿಗೆ ಹೊಡೆಯುವುದು ಅವನದು. ಇಲ್ಲಿಯವರೆಗೆ ಉದ್ದ ಚಾಕುವಿನಲ್ಲೇ ನಡೆದಿದೆ. 2 ಇಂಚು, 3 ಇಂಚಿನ ಶೀಟಿಗೆ ಅದು ಧಾರಾಳ ಸಾಕು.

ಈಗ ಸಕಲೇಶಪುರದ ಕಡೆಯ ಹೋಂಸ್ಟೇಗಳಿಂದ ಕಿಟಕಿ ಸೀಟುಗಳ ಆರ್ಡರ್ ಬರ್ತಿದೆ. ಎಲ್ಲಾ 6 ಇಂಚು ದಪ್ಪ, 40 ಡೆನ್ಸಿಟಿ. ಚಾಕುವಿನಲ್ಲಿ ಕೊಯ್ದರೆ ಮೇಲುಗಡೆ ಗೆರೆ ನೇರವಾಗಿರುತ್ತೆ, ಕೆಳಗೆ ಹೊಟ್ಟೆ ಬಂದಿರುತ್ತೆ. ಕವರ್ ಹಾಕಿ ಜಿಪ್ ಎಳೆದ ಮೇಲೆ ಅಂಚು ಡೊಂಕಾಗಿ ಎದ್ದು ಕಾಣುತ್ತೆ. ಗಿರಾಕಿ ಮೊದಲು ನೋಡೋದೇ ಅದನ್ನ.

ಹೊಸ ಮೆಷಿನ್ ರೇಟು ನಮಗೆ ಆಗುವುದಿಲ್ಲ. ಮೂರು ದಾರಿ ಕಂಡಿದೆ:

ಒಂದು, ಬೆಂಗಳೂರಿನಲ್ಲಿ ಮುಚ್ಚಿದ ಒಂದು ಹಾಸಿಗೆ ಯೂನಿಟ್‌ನಿಂದ ಬಂದ ನೀಲಿ ಬಣ್ಣದ ಬಾಷ್ ಜಿಎಸ್‌ಜಿ 300. ಜೊತೆಗೆ ಒಂದು ಜೋಡಿ ಬ್ಲೇಡ್ ಇದೆ. 9 ಸಾವಿರ ಹೇಳ್ತಿದ್ದಾರೆ.

ಇನ್ನೊಂದು, ಅದೇ ಮಾಡೆಲ್, ಗಲ್ಫ್‌ನಿಂದ ತಂದದ್ದು. ನೋಡಲು ಹೊಸದರ ಹಾಗೇ ಇದೆ, ರೇಟೂ ಕಡಿಮೆ. ಆದರೆ ಹಳದಿ ಬಣ್ಣದ ದಪ್ಪ ದುಂಡನೆ ಪ್ಲಗ್ ಇದೆ. "ಪ್ಲಗ್ ಬದಲಾಯಿಸಿದ್ರೆ ಆಯ್ತು" ಅಂದ್ರು.

ಮೂರನೆಯದು ಆನ್‌ಲೈನ್‌ನಲ್ಲಿ "ಎಲೆಕ್ಟ್ರಿಕ್ ಫೋಮ್ ಕಟರ್" ಅಂತ ಹುಡುಕಿದರೆ ಬರುವ ಪೆನ್ನಿನಂಥದ್ದು. ತುಂಬಾ ಅಗ್ಗ. ಇದು ನಮ್ಮ ಫೋಮಿಗೆ ಆಗುತ್ತಾ?

ಜೆ.ಸಿ. ರೋಡ್ ಸೀಟ್ ಕೆಲಸ

ಅಕ್ಕ, ಮೂರನೆಯದನ್ನ ಮೊದಲು ಕೈಬಿಡಿ. ಅದು ಥರ್ಮೋಕೋಲ್‌ಗೆ ಇರೋದು. ಬಿಸಿ ತಂತಿ ಥರ್ಮೋಕೋಲ್ ತಾಗಿದ ತಕ್ಷಣ ಅದು ಕರಗಿ ನುಣ್ಣಗೆ ಬಿಟ್ಟುಕೊಡುತ್ತೆ. ಸ್ಟೇಜ್ ಡೆಕೊರೇಷನ್‌ನವರು, ಅಕ್ಷರ ಕೊಯ್ಯುವವರು ಬಳಸುತ್ತಾರೆ. ನಮ್ಮ ಸೋಫಾ ಫೋಮ್ ಪಾಲಿಯುರೆಥೇನ್. ಅದು ಕಾಯಿಸಿದರೆ ಶುದ್ಧವಾಗಿ ಕರಗುವ ಜಾತಿಯದ್ದಲ್ಲ. ಸುಟ್ಟು ಕಪ್ಪಾಗುತ್ತೆ, ಅಂಟು ಅಂಟಾಗುತ್ತೆ. ಅದಕ್ಕಿಂತ ಮುಖ್ಯವಾದದ್ದು ಹೊಗೆ. ಪಿಯು ಫೋಮ್ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತೆ. ಮುಚ್ಚಿದ ಅಂಗಡಿಯಲ್ಲಿ ಕೂತು ಅದನ್ನು ಉಸಿರಾಡಬಾರದು. ಒಂದು ಬೆಂಕಿಯ ಕಿಡಿ ಬಿದ್ದರೆ ಫೋಮ್ ರಾಶಿ ಉಳಿಯೋದೂ ಇಲ್ಲ.

ನಿಮಗೆ ಬೇಕಾಗಿರೋದು ಬ್ಲೇಡ್ ಓಡುವ ಮೆಷಿನ್. ಜಿಎಸ್‌ಜಿ 300ರಲ್ಲಿ ಎರಡು ಹಲ್ಲಿನ ಬ್ಲೇಡುಗಳು ಬೆನ್ನಿಗೆ ಬೆನ್ನು ತಾಗಿಕೊಂಡು ಇರುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತೆ. ಹಾಗಾಗಿ ಫೋಮನ್ನು ಮೇಲಕ್ಕೂ ಎಳೆಯೋದಿಲ್ಲ, ಕೆಳಕ್ಕೂ ಒತ್ತೋದಿಲ್ಲ. ಕೆಲಸದ ಗುಟ್ಟೆಲ್ಲಾ ಅಲ್ಲೇ ಇದೆ. ಚಾಕುವಿನಲ್ಲಿ ಹೊಟ್ಟೆ ಬರೋದು ಯಾಕೆ ಅಂದ್ರೆ, ನಾವು ಎಳೆದ ಕಡೆಗೆ ಫೋಮ್ ಬಾಗುತ್ತೆ, ಬಾಗಿದ ಜಾಗದಲ್ಲಿ ಕೊಯ್ಯುತ್ತೇವೆ, ಆಮೇಲೆ ಅದು ತನ್ನ ಆಕಾರಕ್ಕೆ ವಾಪಸ್ ಬರುತ್ತೆ.

ಮೋಟಾರ್ 350 ವಾಟ್. ಸರಿಯಾದ ಬ್ಲೇಡ್ ಇದ್ದರೆ 300 ಮಿಲಿಮೀಟರ್, ಅಂದ್ರೆ ಸುಮಾರು ಒಂದು ಅಡಿ ದಪ್ಪದ ಫೋಮ್‌ವರೆಗೂ ಹೋಗುತ್ತೆ. ನಿಮ್ಮ 6 ಇಂಚು ಅದಕ್ಕೆ ದೊಡ್ಡದಲ್ಲ.

ಹುಬ್ಬಳ್ಳಿ ಮೋಟಾರ್ ವೈಂಡಿಂಗ್

ಅಕ್ಕಾರ, ಹಳದಿ ಪ್ಲಗ್ ಅಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ಅದು 110 ವೋಲ್ಟ್ ಮೆಷಿನ್. ಬ್ರಿಟನ್ನಿನಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಶಾಕ್ ಅಪಾಯ ಕಡಿಮೆ ಆಗಲಿ ಅಂತ 110 ವೋಲ್ಟ್ ಟೂಲ್ ಬಳಸುತ್ತಾರೆ. ಅವುಗಳ ಪ್ಲಗ್ ಹಳದಿ. ಗಲ್ಫ್‌ನ ದೊಡ್ಡ ಸೈಟುಗಳಲ್ಲೂ ಅದೇ ಪದ್ಧತಿ ಇದೆ. ಅಲ್ಲಿಂದ ಹಳೇ ಟೂಲ್‌ಗಳು ನಮ್ಮ ಕಡೆಗೂ ಬರುತ್ತವೆ.

ಪ್ಲಗ್ ಬದಲಾಯಿಸಿ ನಮ್ಮ 230ಕ್ಕೆ ಚುಚ್ಚಿದರೆ ವೋಲ್ಟೇಜ್ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಪವರ್ ಎಳೆಯೋದು ನಾಲ್ಕು ಪಟ್ಟು ದಾಟುತ್ತೆ. ಆರ್ಮೇಚರ್, ಅಂದ್ರೆ ಮೋಟಾರಿನ ಒಳಗೆ ತಿರುಗುವ ತಂತಿ ಸುತ್ತಿದ ಭಾಗ, ಸುಡೋಕೆ ನಿಮಿಷವೂ ಬೇಡ. "ಪ್ಲಗ್ ಬದಲಾಯಿಸಿದ್ರೆ ಆಯ್ತು" ಅಂದವರಿಗೆ ಗೊತ್ತಿಲ್ಲದೆ ಹೇಳಿರಬಹುದು, ಆದರೆ ಹಾಳಾಗೋದು ನಿಮ್ಮ ದುಡ್ಡು.

ಹಾಗಂತ ಅದು ಕೆಲಸಕ್ಕೆ ಬಾರದ ಮೆಷಿನ್ ಅಲ್ಲ. 230ನ್ನು 110ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಚೆನ್ನಾಗಿ ಓಡುತ್ತೆ. 350 ವಾಟಿಗೆ 750 ವಿಎ ಟ್ರಾನ್ಸ್‌ಫಾರ್ಮರ್ ಹಾಕಿದರೆ ಬಿಸಿಯಾಗದೆ ಇರುತ್ತೆ. ಆದರೆ ಅದರ ಖರ್ಚು, ಅದರ ತೂಕ, ಅಂಗಡಿಯಿಂದ ಹೊರಗೆ ಕೆಲಸಕ್ಕೆ ಹೋದಾಗ ಅದನ್ನೂ ಹೊತ್ತುಕೊಂಡು ಹೋಗುವ ಪಾಡು ಲೆಕ್ಕ ಹಾಕಿ. ಕೆಲವರು ಫ್ಯಾನ್ ರೆಗ್ಯುಲೇಟರ್ ಹಾಕಿ ಕಡಿಮೆ ಮಾಡಿ ಓಡಿಸಿ ಅಂತಾರೆ. ಬೇಡವೇ ಬೇಡ.

ಅಮೆರಿಕದಿಂದ ಬಂದ ಬಾಷ್ 1575ಎ ಅಂತಲೂ ಒಂದು ಸಿಗಬಹುದು. ಅದು 120 ವೋಲ್ಟ್, ಅದಕ್ಕೂ ಇದೇ ಮಾತು. ಅಲ್ಲಿನ ಕರೆಂಟ್ 60 ಹರ್ಟ್ಜ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತುಂಡು) ಇರುವ ಇಂಥ ಮೋಟಾರಿಗೆ ಅದರಿಂದ ತೊಂದರೆ ಇಲ್ಲ. ವೋಲ್ಟ್ ಮಾತ್ರ ನೋಡಿ. ಪ್ಲಗ್ ನೋಡಿ ತೀರ್ಮಾನ ಮಾಡಬೇಡಿ, ಮೈ ಮೇಲಿನ ನೇಮ್ ಪ್ಲೇಟ್ ಓದಿ. ಯಾರೋ ಆಗಲೇ ಪ್ಲಗ್ ಬದಲಾಯಿಸಿರಬಹುದು.

ದಾವಣಗೆರೆ ಹಾಸಿಗೆ ಅಂಗಡಿ

ನನ್ನ ಅಭಿಪ್ರಾಯ ಬೇರೆ ಇದೆ, ತಪ್ಪು ತಿಳಿಯಬೇಡಿ. ಪವರ್ ಹ್ಯಾಕ್ಸಾ ಬ್ಲೇಡಿನಿಂದ ಮಾಡಿಸಿದ ಚಾಕು, ಒಳ್ಳೆ ಸಾಣೆ ಕಲ್ಲು, ಪಳಗಿದ ಕೈ. ಇಷ್ಟಿದ್ದರೆ 6 ಇಂಚು ಏನು, 8 ಇಂಚೂ ನೇರ ಬರುತ್ತೆ. ನಮ್ಮ ಅಂಗಡಿಯಲ್ಲಿ ಹಿರಿಯರೊಬ್ಬರು ಇದ್ದಾರೆ. ಒಂದೇ ಸಲ ಕೆಳಗಿನವರೆಗೂ ಕೊಯ್ಯೋದಿಲ್ಲ. ಮೊದಲು ಒಂದು ಇಂಚು ಆಳ ಗೆರೆ ಹಾಕ್ತಾರೆ, ಆ ಸೀಳನ್ನು ಎಡಗೈಯಲ್ಲಿ ಬಿಡಿಸಿ ಹಿಡಿದುಕೊಂಡು ಮತ್ತೆ ಇಳಿಸ್ತಾರೆ. ಚಾಕುವಿನ ಮೇಲೆ ಭಾರ ಹಾಕೋದೇ ಇಲ್ಲ. ಉದ್ದಕ್ಕೆ ಎಳೀತಾರೆ, ಅಷ್ಟೇ.

ಹಳೇ ಮೆಷಿನ್ ತಗೊಂಡು ಬ್ಲೇಡಿಗೆ ಅಲೆಯೋ ಬದಲು ನಿಮ್ಮ ತಮ್ಮನಿಗೆ ಇದನ್ನ ಕಲಿಸಿ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ.

ಜೆ.ಸಿ. ರೋಡ್ ಸೀಟ್ ಕೆಲಸ

ಅಣ್ಣ, ನಿಮ್ಮ ಹಿರಿಯರ ಕೈಗೆ ನಮಸ್ಕಾರ. ಆ ಸೀಳು ಬಿಡಿಸಿ ಇಳಿಸುವ ವಿಧಾನ ನಿಜಕ್ಕೂ ಸರಿ. ಆದರೆ ಒಂದೇ ಅಳತೆಯ ಇಪ್ಪತ್ತು ಸೀಟು ಮಾಡುವಾಗ ಕೈ ಸೋಲುತ್ತೆ. ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಬಂದೇ ಬರುತ್ತೆ. 6 ಇಂಚಿನ ಫೋಮಿನಲ್ಲಿ ಚಾಕು ಬರೀ ಎರಡು ಡಿಗ್ರಿ ವಾಲಿದರೂ ಮೇಲಿನ ಅಳತೆಗೂ ಕೆಳಗಿನ ಅಳತೆಗೂ 5 ಮಿಲಿಮೀಟರ್ ಫರಕು. ಎರಡೂ ಬದಿ ವಾಲಿದರೆ ಒಂದು ಸೆಂಟಿಮೀಟರ್. ಕಿಟಕಿ ಸೀಟಿನಲ್ಲಿ ಎರಡು ಕುಶನ್ ಪಕ್ಕ ಪಕ್ಕ ಕೂರಿಸಿದಾಗ ಆ ಸಂದು ಕಣ್ಣಿಗೆ ಹೊಡೆಯುತ್ತೆ.

ಮೆಷಿನ್ನಿಗೆ ಅಡಿಯಲ್ಲಿ ಒಂದು ಪ್ಲೇಟ್ ಇರುತ್ತೆ, ಸಣ್ಣ ರೋಲರ್ ಇರುವಂಥದ್ದು. ಅದು ಫೋಮಿನ ಅಡಿಗೆ ಹೋಗಿ ಟೇಬಲ್ ಮೇಲೆ ಜಾರುತ್ತೆ. ಮೇಲಿಂದ ಬ್ಲೇಡಿಗೆ ಒಂದು ಗೈಡ್. ಹಾಗಾಗಿ ಮೆಷಿನ್ ತಾನೇ ನೆಟ್ಟಗೆ ನಿಂತು ಓಡುತ್ತೆ. ಟೇಬಲ್ ಸಮ ಇರಬೇಕು, ಅಷ್ಟೇ. ಪ್ಲೈವುಡ್ ಮೇಲೆ ಸನ್‌ಮೈಕಾ ಹಾಕಿಸಿದರೆ ಬೆಣ್ಣೆಯಂತೆ ಜಾರುತ್ತೆ. ನೆಲದ ಮೇಲೆ ಹಾಸಿಕೊಂಡು ಕೊಯ್ಯೋ ಅಭ್ಯಾಸ ಇದ್ದರೆ ಅದನ್ನ ಬಿಡಬೇಕಾಗುತ್ತೆ.

ಪೀಣ್ಯ ಗಾರ್ಮೆಂಟ್ಸ್ ಕಟಿಂಗ್

ಇನ್ನೊಂದು ದಾರಿ ಯಾರೂ ಹೇಳಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಥಾನುಗಳನ್ನು ಒಂದರ ಮೇಲೊಂದು ಹಾಸಿ ಕೊಯ್ಯುವ ಸ್ಟ್ರೈಟ್ ನೈಫ್ ಮೆಷಿನ್. ಈಸ್ಟ್‌ಮನ್, ಕೆಎಂ ಕಂಪನಿಯವು ಬೆಂಗಳೂರಲ್ಲಿ ಎಲ್ಲಾ ಕಡೆ ಇವೆ. ಯೂನಿಟ್ ಮುಚ್ಚಿದಾಗ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ದೊಡ್ಡ ಅನುಕೂಲ ಅಂದ್ರೆ ಬ್ಲೇಡ್ ಅಗ್ಗ, ಎಲ್ಲೆಡೆ ಸಿಗುತ್ತೆ, ಸಾಣೆ ಹಿಡಿಯೋ ವ್ಯವಸ್ಥೆ ಮೆಷಿನ್ನಿನಲ್ಲೇ ಇದೆ. ಲಿವರ್ ಒತ್ತಿದರೆ ಸಾಕು.

ಅನಾನುಕೂಲವನ್ನೂ ಹೇಳ್ತೀನಿ. ಹತ್ತು ಕೆಜಿಗೂ ಜಾಸ್ತಿ ತೂಕ. ಒಂದೇ ಬ್ಲೇಡ್ ಮೇಲೆ ಕೆಳಗೆ ಹೊಡೆಯುತ್ತೆ, ಹಾಗಾಗಿ ಮೆತ್ತನೆ ಫೋಮ್ ಕುಣಿಯುತ್ತೆ. ಪ್ರೆಸರ್ ಫುಟ್ ಇಳಿಸಿ ಹಿಡಿದುಕೊಳ್ಳಬೇಕು. ಬ್ಲೇಡ್ ಅಗಲ ಇರೋದರಿಂದ ಸಣ್ಣ ತಿರುವು ತಿರುಗಲ್ಲ, ಕುಶನ್ ಮೂಲೆ ದುಂಡಗೆ ಬೇಕಾದರೆ ಕಷ್ಟ. ಇನ್ನೊಂದು ಗಮನಿಸಿ, 8 ಇಂಚಿನ ಬ್ಲೇಡ್ ಅಂದ್ರೆ 8 ಇಂಚು ದಪ್ಪ ಕೊಯ್ಯುತ್ತೆ ಅಂತ ಅಲ್ಲ. ಅದಕ್ಕಿಂತ ಕಡಿಮೆಯೇ ಸಿಗೋದು.

ತಗೊಂಡರೆ ಸ್ಟೀಲ್ ಬಲೆಯ ಗ್ಲೌಸ್ ಕಡ್ಡಾಯ. ಬಟ್ಟೆ ಹಿಡಿಯುವ ಕೈಗೆ ಹಾಕೋದು ಅದು. ಬೆರಳು ಕಳೆದುಕೊಂಡವರನ್ನ ಕಟಿಂಗ್ ಸೆಕ್ಷನ್ನಿನಲ್ಲಿ ಇರುವ ಯಾರನ್ನು ಕೇಳಿದರೂ ತೋರಿಸ್ತಾರೆ. ಈ ವಿಷಯದಲ್ಲಿ ಉಳಿತಾಯ ನೋಡಬೇಡಿ.

ಮಂಗಳೂರು ಬೋಟ್ ಸೀಟ್

ನಾವು ಬೋಟ್, ಜೀಪ್ ಸೀಟ್ ಮಾಡುವವರು. ವಿದೇಶದಿಂದ ಬಂದವರು ತರುವ ಎಲೆಕ್ಟ್ರಿಕ್ ಅಡುಗೆ ಚಾಕು ಉಂಟಲ್ಲ, ಮಾಂಸ ಕೊಯ್ಯುವುದಕ್ಕೆ ಇರುವಂಥದ್ದು, ಅದರಲ್ಲೂ ಎರಡು ಹಲ್ಲಿನ ಬ್ಲೇಡ್ ಎದುರು ಬದುರು ಓಡುತ್ತವೆ. 3, 4 ಇಂಚಿನ ಫೋಮಿಗೆ ಬಹಳ ಚೆಂದ ಆಗುತ್ತದೆ. ಆದರೆ ಅಡಿಯಲ್ಲಿ ಪ್ಲೇಟ್ ಇಲ್ಲ, ತುದಿ ಆಡುತ್ತದೆ. 6 ಇಂಚಿನಲ್ಲಿ ನಿಮಗೆ ಮತ್ತೆ ಅದೇ ಹೊಟ್ಟೆ. ಮೋಟಾರ್ ಕೂಡ ದಿನವಿಡೀ ಓಡುವ ಲೆಕ್ಕದಲ್ಲಿ ಮಾಡಿದ್ದಲ್ಲ, ಮಧ್ಯೆ ಮಧ್ಯೆ ಆರಲು ಬಿಡಬೇಕು. ಸಣ್ಣ ಕೆಲಸಕ್ಕೆ, ಮೂಲೆ ಸವರಲಿಕ್ಕೆ ಇಟ್ಟುಕೊಳ್ಳಬಹುದು ಮಾರಾಯ್ರೆ. ನಿಮ್ಮ ಹೋಂಸ್ಟೇ ಆರ್ಡರಿಗೆ ಸಾಲದು.

ಶಿವಮೊಗ್ಗ ಕುಶನ್

ಎಲ್ಲರಿಗೂ ತುಂಬಾ ಧನ್ಯವಾದ. ದಾವಣಗೆರೆ ಅಣ್ಣ ಹೇಳಿದ ವಿಧಾನ ತಮ್ಮನಿಗೆ ಓದಿ ಹೇಳಿದೆ, ಇವತ್ತೇ ಮಾಡಿ ನೋಡಿದ. ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಆದರೂ ಆರ್ಡರ್ ದೊಡ್ಡದು, ಮೆಷಿನ್ ಬೇಕೇ ಬೇಕು ಅನ್ನಿಸ್ತಿದೆ. ಹಳದಿ ಪ್ಲಗ್‌ನದು ಬಿಟ್ಟೆವು. ಮೊದಲನೆಯದನ್ನು ನೋಡೋಕೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಏನೇನು ನೋಡಬೇಕು? ನಮಗೆ ಹೊಲಿಗೆ ಮೆಷಿನ್ ಬಿಟ್ಟರೆ ಬೇರೆ ಮೋಟಾರ್ ವಿಷಯ ಅಷ್ಟು ಗೊತ್ತಿಲ್ಲ.

ಹುಬ್ಬಳ್ಳಿ ಮೋಟಾರ್ ವೈಂಡಿಂಗ್

ಹೋಗುವಾಗ ಒಂದು ದಪ್ಪ ಫೋಮ್ ತುಂಡು ನಿಮ್ಮದೇ ತಗೊಂಡು ಹೋಗಿ. ಮಾರುವವರು ಕೊಡುವ ತೆಳು ತುಂಡಿನಲ್ಲಿ ಯಾವ ಮೆಷಿನ್ ಆದರೂ ಚೆನ್ನಾಗೇ ಕೊಯ್ಯುತ್ತೆ. ನೀವು ಹೋಗುವ ಮೊದಲೇ ಓಡಿಸಿ ಇಡಬೇಡಿ ಅಂತ ಫೋನಿನಲ್ಲಿ ಹೇಳಿ. ತಣ್ಣಗಿರುವ ಮೆಷಿನ್ ನೀವೇ ಆನ್ ಮಾಡಬೇಕು.

ಮೊದಲು ಸುಮ್ನೆ ಐದು ನಿಮಿಷ ಓಡಲಿ. ಸ್ಪೀಡ್ ಡಯಲ್ ತಿರುಗಿಸಿ, ನಿಧಾನದಿಂದ ಜೋರಿಗೆ ಸಮವಾಗಿ ಏರಬೇಕು. ಪೂರ್ತಿ ಜೋರಿನಲ್ಲಿ ನಿಮಿಷಕ್ಕೆ 3200 ಸಲ ಬ್ಲೇಡ್ ಆಡುತ್ತೆ, ಶಬ್ದ ಇದ್ದೇ ಇರುತ್ತೆ. ನೀವು ಕೇಳಬೇಕಾದದ್ದು ಕರಕರ ಅನ್ನೋ ಸದ್ದು. ಅದು ಬೇರಿಂಗ್ ಅಥವಾ ಗೇರ್. ಗಾಳಿ ಕಿಂಡಿಯಲ್ಲಿ ಇಣುಕಿ ನೋಡಿ. ಬ್ರಷ್ ಹತ್ತಿರ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಉಂಗುರದ ಹಾಗೆ ಕಿಡಿ ತಿರುಗುತ್ತಿದ್ದರೆ ಕಮ್ಯುಟೇಟರ್, ಅಂದ್ರೆ ಆರ್ಮೇಚರ್ ಮೇಲೆ ಬ್ರಷ್ ಉಜ್ಜುವ ತಾಮ್ರದ ಭಾಗ, ಹಾಳಾಗಿದೆ ಅಂತ ಲೆಕ್ಕ. ಕಾರ್ಬನ್ ಬ್ರಷ್ ಸವೆದಿದ್ದರೆ ಚಿಂತೆ ಇಲ್ಲ, ಅಗ್ಗದ ಸಾಮಾನು. ಆರ್ಮೇಚರ್ ಹೋಗಿದ್ದರೆ ಬಿಟ್ಟು ಬನ್ನಿ.

ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಎರಡೂ ಬ್ಲೇಡಿನ ಅಂಚಿಗೆ ಅಡ್ಡವಾಗಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಮತ್ತೆ ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಎತ್ತರದಲ್ಲಿ ನಿಲ್ಲಬೇಕು. ಒಮ್ಮೆ ಹೊಂದಿಕೊಂಡೇ ನಿಂತರೆ ಇನ್ನೊಮ್ಮೆ ಮಾಡಿ. ಎಷ್ಟು ಸಲ ಮಾಡಿದರೂ ಒಂದು ಬ್ಲೇಡ್ ಕದಲದೆ ಇದ್ದರೆ, ಒಳಗೆ ಓಡಿಸುವ ಭಾಗ ಸವೆದಿದೆ. ಆಗ ಅದು ಬರೀ ಒಂಟಿ ಚಾಕು, ಫೋಮನ್ನ ಎಳೆದಾಡುತ್ತೆ.

ವೈರ್ ಪೂರ್ತಿ ಕೈಯಲ್ಲಿ ಸವರಿ ನೋಡಿ. ಇಂಥ ಮೆಷಿನ್ನಿನಲ್ಲಿ ಬ್ಲೇಡ್ ತಾಗಿ ವೈರ್ ಕಚ್ಚಿರೋದು ಜಾಸ್ತಿ. ಟೇಪ್ ಸುತ್ತಿದ್ದರೆ ಬಿಚ್ಚಿಸಿ ನೋಡಿ.

ಜೆ.ಸಿ. ರೋಡ್ ಸೀಟ್ ಕೆಲಸ

ಮೋಟಾರ್ ಮಾತು ಮುಗೀತು. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪ್ರಶ್ನೆ ಬ್ಲೇಡ್ ಮತ್ತು ಗೈಡ್. ಸೆಕೆಂಡ್ ಹ್ಯಾಂಡ್ ತಗೊಂಡವರು ಸಿಕ್ಕಿಬೀಳೋದು ಇಲ್ಲೇ.

ಈ ಮೆಷಿನ್ನಿಗೆ ಬ್ಲೇಡ್ 70, 130, 200, 300 ಮಿಲಿಮೀಟರ್ ಉದ್ದದಲ್ಲಿ ಬರುತ್ತೆ. ಪ್ರತಿ ಉದ್ದಕ್ಕೂ ಅದರದ್ದೇ ಗೈಡ್ ಬೇಕು. 130ರ ಗೈಡಿಗೆ 200ರ ಬ್ಲೇಡ್ ಹಾಕಲು ಆಗಲ್ಲ. 6 ಇಂಚು ಅಂದ್ರೆ 152 ಮಿಲಿಮೀಟರ್. ಹಾಗಾಗಿ ನಿಮಗೆ 200ರ ಸೆಟ್ಟೇ ಬೇಕು. ಅವರ ಹತ್ತಿರ ಇರೋದು 130 ಆಗಿದ್ದರೆ 9 ಸಾವಿರಕ್ಕೆ ತಗೊಂಡು, ಮತ್ತೆ ಗೈಡು ಬ್ಲೇಡು ಅಂತ ಕೊಂಡರೆ ಹೊಸದರ ಹತ್ತಿರ ಹೋಗಿಬಿಡ್ತೀರಿ. ಹೊರಡುವ ಮೊದಲು ಸ್ಕೇಲ್ ಪಕ್ಕ ಇಟ್ಟು ಫೋಟೋ ಕಳಿಸೋಕೆ ಹೇಳಿ. ನಾಳೆ ಯಾರಾದರೂ 8 ಇಂಚು ಕೇಳಿದರೆ 203 ಮಿಲಿಮೀಟರ್, ಅದು 200ರಲ್ಲಿ ಆಗಲ್ಲ. ಅದನ್ನ 4 ಇಂಚಿನ ಎರಡು ಪದರ ಅಂಟಿಸಿ ಮಾಡಿ.

ಗೈಡಿನ ಅಡಿ ಪ್ಲೇಟನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಕೆಳಗೆ ಬಿದ್ದ ಮೆಷಿನ್ ಆದರೆ ಪ್ಲೇಟ್ ಬಾಗಿರುತ್ತೆ. ಬಾಗಿದ ಪ್ಲೇಟಿನಲ್ಲಿ ನೇರ ಕೊಯ್ಯೋಕೆ ಆಗಲ್ಲ, ಬ್ಲೇಡೂ ಒಂದೇ ಕಡೆ ಉಜ್ಜಿ ಸವೆಯುತ್ತೆ. ರೋಲರ್ ತಿರುಗುತ್ತಾ ನೋಡಿ. ಹಾಸಿಗೆ ಯೂನಿಟ್ಟಿನಿಂದ ಬಂದದ್ದು ಅಂತೀರಿ, ಅದರಲ್ಲಿ ತೆಂಗಿನ ನಾರಿನ ಶೀಟ್ ಕೊಯ್ದಿದ್ದಾರಾ ಕೇಳಿ. ನಾರು ಬ್ಲೇಡನ್ನ ತಿಂದುಹಾಕುತ್ತೆ. ಇದು ಫೋಮಿಗೆ ಮಾಡಿದ ಮೆಷಿನ್.

ದಾವಣಗೆರೆ ಹಾಸಿಗೆ ಅಂಗಡಿ

ನಾರಿನ ವಿಷಯ ಬಂದಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಬರೀ ನಾರಲ್ಲ, ಕೆಲವು ಅಗ್ಗದ ಫೋಮೂ ಬ್ಲೇಡ್ ಹಾಳು ಮಾಡುತ್ತೆ. ತೂಕ ಬರಲಿ ಅಂತ ಸೀಮೆಸುಣ್ಣದಂಥ ಪುಡಿ ಬೆರೆಸಿ ಮಾಡ್ತಾರೆ. 40 ಡೆನ್ಸಿಟಿ ಅಂದ್ರೆ ಒಂದು ಘನ ಮೀಟರಿಗೆ 40 ಕೆಜಿ. 72ಕ್ಕೆ 36 ಇಂಚಿನ, 4 ಇಂಚು ದಪ್ಪದ ಶೀಟ್ ತೂಗಿದರೆ 6 ಕೆಜಿ 800 ಗ್ರಾಂ ಹತ್ತಿರ ಬರಬೇಕು. ಅದೇ ಅಳತೆ 32 ಡೆನ್ಸಿಟಿ ಆದರೆ 5 ಕೆಜಿ 400 ಗ್ರಾಂ ಸುಮಾರು. ಕಡಿಮೆ ಬಂದರೆ ಮೋಸ ಅಂತ ಗೊತ್ತಾಯ್ತು. ಆದರೆ ಪುಡಿ ಬೆರೆಸಿದ್ದರೆ ತೂಕ ಸರಿಯಾಗೇ ಬರುತ್ತೆ. ಅದಕ್ಕೆ ಕೊಯ್ದ ಮುಖವನ್ನ ಬೆರಳಲ್ಲಿ ಜೋರಾಗಿ ಉಜ್ಜಿ, ಕಪ್ಪು ಬಟ್ಟೆಗೆ ಒರೆಸಿ. ಬಿಳಿ ಪುಡಿ ಅಂಟಿದರೆ ಆ ಮಾಲು ವಾಪಸ್ ಕಳಿಸಿ. ಅದರಲ್ಲಿ ಕುಶನ್ ಮಾಡಿದರೂ ಬೇಗ ಕುಸಿಯುತ್ತೆ.

ರಿಬಾಂಡೆಡ್ ಶೀಟೂ ಅಷ್ಟೇ. ಅದರಲ್ಲಿ ಚೂರು ಫೋಮಿನ ಜೊತೆ ಬಟ್ಟೆ ತುಂಡು, ಪ್ಲಾಸ್ಟಿಕ್ ಹಾಳೆ ಎಲ್ಲಾ ಇರುತ್ತೆ. ನಿಧಾನಕ್ಕೆ ಓಡಿಸಿ.

ಶಿವಮೊಗ್ಗ ಕುಶನ್

ಫೋಟೋ ತರಿಸಿಕೊಂಡೆ. ಬ್ಲೇಡ್ 200 ಮಿಲಿಮೀಟರೇ. ನೇಮ್ ಪ್ಲೇಟಿನಲ್ಲಿ 230 ವೋಲ್ಟ್ ಅಂತ ಇದೆ. ತಮ್ಮ ಹೋಗಿ ನೋಡಿಕೊಂಡು ಬಂದ. ಮೋಟಾರ್ ಚೆನ್ನಾಗಿದೆ, ಗೆರೆ ಪರೀಕ್ಷೆಯೂ ಸರಿ ಬಂತಂತೆ. ಆದರೆ ಅಡಿ ಪ್ಲೇಟಿನ ಮುಂದಿನ ತುದಿ ಸ್ವಲ್ಪ ಮೇಲಕ್ಕೆ ಎದ್ದಿದೆ. ನಮ್ಮ ಫೋಮ್ ತುಂಡಿನಲ್ಲಿ ಕೊಯ್ದಾಗ ನೇರ ಬಂತು, ಟೇಬಲ್ ಮೇಲೆ ಮಾತ್ರ ಒಂದು ಕಡೆ ಕೆರೆದ ಗುರುತು ಬಿತ್ತು. ವೈರಿಗೆ ಒಂದು ಕಡೆ ಟೇಪ್ ಇತ್ತು. ಬಿಚ್ಚಿಸಿದರೆ ಒಳಗಿನ ತಾಮ್ರ ಕಾಣ್ತಿತ್ತು.

ಹುಬ್ಬಳ್ಳಿ ಮೋಟಾರ್ ವೈಂಡಿಂಗ್

ವೈರ್ ಪೂರ್ತಿ ಹೊಸದು ಹಾಕಿಸಿ, ಜಾಯಿಂಟ್ ಮಾಡಿಸಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಬ್ಬರ್ ವೈರೂ ಸಿಗುತ್ತೆ, ಬ್ರಷ್ಷೂ ಸಿಗುತ್ತೆ. ಹಳೇ ಬ್ರಷ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆ ಹೊಂದಿಸಿ ಕೊಡ್ತಾರೆ. ಮೆಷಿನ್ ಮೈ ಮೇಲೆ ಚೌಕದೊಳಗೆ ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಡಬಲ್ ಇನ್ಸುಲೇಷನ್, ಎರಡು ಎಳೆ ವೈರ್ ಸಾಕು.

ಈ ಎರಡು ಕಾರಣ ಹೇಳಿ ರೇಟ್ ಇಳಿಸಿ. ವೈರ್ ನೆಪ ಅಲ್ಲ, ನಿಜವಾದ ಖರ್ಚು.

ಜೆ.ಸಿ. ರೋಡ್ ಸೀಟ್ ಕೆಲಸ

ಪ್ಲೇಟ್ ತುದಿ ಎದ್ದಿರೋದನ್ನ ಸುತ್ತಿಗೆಯಲ್ಲಿ ಹೊಡೆದು ಸರಿ ಮಾಡೋಕೆ ಹೋಗಬೇಡಿ, ಬಿರುಕು ಬಿಟ್ಟರೆ ಕತೆ ಮುಗೀತು. ಗೈಡ್ ಬಿಚ್ಚಿ, ವೈಸಿಗೆ ಎರಡೂ ಕಡೆ ಮರದ ತುಂಡು ಇಟ್ಟು ನಿಧಾನಕ್ಕೆ ಒತ್ತಿಸಿ. ಲೇತ್ ಕೆಲಸದವರಿಗೆ ಕೊಟ್ಟರೆ ಮಾಡಿಕೊಡ್ತಾರೆ. ಆಮೇಲೆ ಗಾಜಿನ ಮೇಲಿಟ್ಟು ಅಲ್ಲಾಡುತ್ತಾ ನೋಡಿ.

ಬಳಸುವಾಗ ನೆನಪಿಡಬೇಕಾದ್ದು ಇನ್ನೂ ಇದೆ. ಒಣ ಬ್ಲೇಡ್ ಓಡಿಸಬೇಡಿ. ಎರಡು ಬ್ಲೇಡ್ ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತೆ, ಬಿಸಿಯಾದರೆ ಫೋಮ್ ಅಂಟಿಕೊಳ್ಳುತ್ತೆ. ಸಿಲಿಕೋನ್ ಸ್ಪ್ರೇ ಸ್ವಲ್ಪ ಹೊಡೆಯಿರಿ. ಮೆಷಿನ್ ಆಯಿಲ್ ಬೇಡ, ಫೋಮಿಗೆ ಕಲೆ ಹತ್ತಿ ಆಮೇಲೆ ಕವರಿಗೂ ಬರುತ್ತೆ.

ಮಂಗಳೂರು ಬೋಟ್ ಸೀಟ್

ಸಿಲಿಕೋನ್ ಹೊಡೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಒಂದು ರದ್ದಿ ಫೋಮ್ ಕೊಯ್ದು, ಆಮೇಲೆ ಒಳ್ಳೆ ಶೀಟಿಗೆ ಹೋಗಿ. ಸಿಲಿಕೋನ್ ಹತ್ತಿದ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ. ಎರಡು ಪದರ ಅಂಟಿಸುವ ಕೆಲಸ ಇದ್ದರೆ ಇದು ದೊಡ್ಡ ವಿಷಯ. ನಮ್ಮಲ್ಲಿ ಮಳೆಗಾಲದಲ್ಲಿ ಬ್ಲೇಡಿಗೆ ತುಕ್ಕು ಕೂಡ ಬೇಗ. ಮಲೆನಾಡಿನ ಮಳೆಯೂ ಕಡಿಮೆಯೇನಲ್ಲ, ಹಾಗಾಗಿ ಕೆಲಸ ಮುಗಿದ ಮೇಲೆ ಬ್ಲೇಡ್ ಬಿಚ್ಚಿ ಒರೆಸಿ ಇಡಿ.

ಅಂಟಿನ ಮಾತು ಬಂತಲ್ಲ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ನಾವೆಲ್ಲ ಬಳಸುವ ಎಸ್‌ಆರ್ 998 ಥರದ ರಬ್ಬರ್ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ. ಈ ಮೆಷಿನ್ನಿನ ಬ್ರಷ್‌ನಲ್ಲಿ ಸದಾ ಕಿಡಿ ಇರುತ್ತದೆ. ಅಂಟು ಹಚ್ಚಿದ ಟೇಬಲ್ಲಿನಲ್ಲೇ ಕಟಿಂಗ್ ಮಾಡಬೇಡಿ. ಕೊಯ್ಯುವುದೆಲ್ಲ ಮುಗಿಸಿ, ಮೆಷಿನ್ ಎತ್ತಿಟ್ಟು, ಕಿಟಕಿ ತೆರೆದು, ಆಮೇಲೆ ಡಬ್ಬಿ ಮುಚ್ಚಳ ತೆಗೆಯಿರಿ. ಫೋಮಿಗೆ ಬೆಂಕಿ ಬಿದ್ದರೆ ಆರಿಸಲಿಕ್ಕೆ ಸಮಯ ಕೊಡುವುದಿಲ್ಲ.

ಶಿವಮೊಗ್ಗ ಕುಶನ್

ಇದು ನಿಜವಾಗಿಯೂ ನಮಗೆ ಹೊಳೆದಿರಲಿಲ್ಲ. ಒಂದೇ ಟೇಬಲ್ ಇದೆ ನಮ್ಮಲ್ಲಿ. ಅಂಟಿನ ಕೆಲಸಕ್ಕೆ ಹಿಂದಿನ ಜಗಲಿಯಲ್ಲಿ ಜಾಗ ಮಾಡ್ತೀವಿ.

ಮೆಷಿನ್ ತಗೊಂಡೆವು. ವೈರ್, ಪ್ಲೇಟ್ ಎರಡನ್ನೂ ತೋರಿಸಿ ಮಾತಾಡಿದ್ದಕ್ಕೆ 7 ಸಾವಿರಕ್ಕೆ ಕೊಟ್ಟರು. ಹೊಸ ವೈರ್ ಹಾಕಿಸಿ, ಪ್ಲೇಟ್ ಒತ್ತಿಸಿ, ಟೇಬಲ್ಲಿಗೆ ಸನ್‌ಮೈಕಾ ಅಂಟಿಸಿದ್ದಾಯ್ತು. 6 ಇಂಚಿನ ಶೀಟ್ ಕೊಯ್ದು ಬದಿಗೆ ಮಟ್ಟಗೋಲು ಹಿಡಿದು ನೋಡಿದೆವು, ಬೆಳಕು ತೂರಲಿಲ್ಲ. ತಮ್ಮನ ಮುಖ ನೋಡಬೇಕಿತ್ತು.

ಇನ್ನೆರಡು ಪ್ರಶ್ನೆ. ಕವರಿಗಿಂತ ಫೋಮ್ ಎಷ್ಟು ದೊಡ್ಡದು ಕೊಯ್ಯಬೇಕು? ಚಾಕುವಿನಲ್ಲಿ ಅಂದಾಜಿಗೆ ಮುಕ್ಕಾಲು ಇಂಚು ಬಿಡ್ತಿದ್ದೆವು. ಮತ್ತೆ, ಮಧ್ಯದಲ್ಲಿ ಚೌಕ ತೂತು ತೆಗೆಯೋದು ಈ ಮೆಷಿನ್ನಿನಲ್ಲಿ ಹೇಗೆ?

ಜೆ.ಸಿ. ರೋಡ್ ಸೀಟ್ ಕೆಲಸ

ಬಹಳ ಖುಷಿ ಆಯ್ತು ಅಕ್ಕ. ಈಗ ಅಳತೆ ನಿಖರ ಬರೋದರಿಂದ ಅಷ್ಟು ಬಿಡೋದು ಬೇಡ. 40 ಡೆನ್ಸಿಟಿಗೆ ಉದ್ದ ಅಗಲ ಎರಡರಲ್ಲೂ ಅರ್ಧ ಇಂಚು ಜಾಸ್ತಿ ಸಾಕು, ಕವರ್ ಬಿಗಿಯಾಗಿ ಕೂರುತ್ತೆ. ಮೇಲೆ ಫೈಬರ್ ಶೀಟ್ ಸುತ್ತುವುದಾದರೆ ಕವರಿನ ಅಳತೆಗೇ ಕೊಯ್ಯಿರಿ. ಇಲ್ಲದಿದ್ದರೆ ಹೊಲಿಗೆ ಮೇಲೆ ಎಳೆತ ಬಿದ್ದು ಜಿಪ್ ಹೋಗುತ್ತೆ.

ಮಧ್ಯದ ತೂತು ಈ ಮೆಷಿನ್ನಿನ ಕೆಲಸ ಅಲ್ಲ. ಅಡಿ ಪ್ಲೇಟ್ ಇರೋದರಿಂದ ಅಂಚಿನಿಂದಲೇ ಒಳಗೆ ಹೋಗಬೇಕು. ಅಂಚಿನಿಂದ ಸೀಳಿಕೊಂಡು ಹೋಗಿ ಚೌಕ ತೆಗೆದು, ಆ ಸೀಳನ್ನ ಆಮೇಲೆ ಅಂಟಿಸಬಹುದು. ಇಲ್ಲವಾದರೆ ದಾವಣಗೆರೆ ಅಣ್ಣನ ಚಾಕು.

ದಾವಣಗೆರೆ ಹಾಸಿಗೆ ಅಂಗಡಿ

ತೂತಿಗೆ ಚಾಕುವೇ. ತುದಿ ಚೂಪಾಗಿರೋದು ಬೇಕು, ಮೂಲೆಯಲ್ಲಿ ನೇರ ಇಳಿಸಿ ಹೊರಗೆ ತೆಗೆದು ಇನ್ನೊಂದು ಮೂಲೆಗೆ ಹೋಗಿ. ತಿರುಗಿಸಬೇಡಿ.

ನಾನು ಕೇಳೋದೂ ಒಂದಿದೆ. ಆ ಬ್ಲೇಡ್ ಮೊಂಡಾದರೆ ಸಾಣೆ ಹಿಡಿಸಬಹುದಾ? ಇಲ್ಲಾ ಹೊಸ ಜೋಡಿಯೇ ಗತಿಯಾ? ನಮ್ಮಲ್ಲೂ ಹುಡುಗರು ಮೆಷಿನ್ ಬೇಕು ಅಂತ ಹಟ ಹಿಡಿದಿದ್ದಾರೆ.

ಜೆ.ಸಿ. ರೋಡ್ ಸೀಟ್ ಕೆಲಸ

ಹಲ್ಲಿನ ಹೊರಮುಖದಲ್ಲಿ ಸಣ್ಣ ದುಂಡು ಕಲ್ಲಿನಲ್ಲಿ ನಿಧಾನಕ್ಕೆ ಎಳೆದರೆ ಸ್ವಲ್ಪ ಜೀವ ಬರುತ್ತೆ. ಎರಡು ಬ್ಲೇಡ್ ತಾಗಿಕೊಂಡು ಓಡುವ ಒಳಮುಖವನ್ನ ಮಾತ್ರ ಮುಟ್ಟಬೇಡಿ. ಅಲ್ಲಿ ಸಂದು ಬಿದ್ದರೆ ಫೋಮ್ ಎಳೆ ಒಳಗೆ ಸಿಕ್ಕಿ ಬ್ಲೇಡ್ ಹಿಡಿದುಕೊಳ್ಳುತ್ತೆ. ಗ್ರೈಂಡರಿಗೆ ಕೊಡಬೇಡಿ, ಉಕ್ಕಿನ ಹದ ಹೋಗುತ್ತೆ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಬೇಡ.

ಶಿವಮೊಗ್ಗ ಕುಶನ್

ಈಗಲೇ ಇನ್ನೊಂದು ಜೋಡಿ 200ರ ಬ್ಲೇಡಿಗೆ ಆರ್ಡರ್ ಹಾಕಿದ್ದೇನೆ, ಕೆಲಸ ಅರ್ಧಕ್ಕೆ ನಿಲ್ಲಬಾರದಲ್ವಾ. ದಾವಣಗೆರೆ ಅಣ್ಣ, ಕೊಳ್ಳುವ ಮೊದಲು ನಿಮ್ಮ ಹುಡುಗರನ್ನ ಶಿವಮೊಗ್ಗಕ್ಕೆ ಕಳಿಸಿ. ನಮ್ಮ ಮೆಷಿನ್ನಿನಲ್ಲೇ ಕೊಯ್ದು ನೋಡಲಿ. ಬರುವಾಗ ನಿಮ್ಮ ಹಿರಿಯರನ್ನೂ ಕರೆದುಕೊಂಡು ಬಂದರೆ ಇನ್ನೂ ಸಂತೋಷ, ತಮ್ಮನಿಗೆ ಅವರ ಹತ್ತಿರ ಆ ತೂತು ತೆಗೆಯೋದು ಕಲಿಯಬೇಕಂತೆ.